ಕೂಲರ್ ಸಾಕೇ, ಎಸಿ ಬೇಕೇ? ರಾಯಚೂರಿನ ಬಿಸಿಲಿಗೆ ಒಂದು ಮನೆಯ ಲೆಕ್ಕ

ಏಪ್ರಿಲ್ ತಿಂಗಳಿನಲ್ಲಿ ರಾತ್ರಿ ಹನ್ನೊಂದಕ್ಕೆ ಮಲಗುವ ಕೋಣೆಯ ಪಶ್ಚಿಮದ ಗೋಡೆಗೆ ಅಂಗೈ ಇಟ್ಟು ನೋಡಿ. ರಾಯಚೂರಿನ ನಮ್ಮ ಮನೆಯಲ್ಲಿ ಆ ಗೋಡೆ ಜ್ವರ ಬಂದ ಮಗುವಿನ ಹಣೆಯಂತೆ ಸುಡುತ್ತಿರುತ್ತದೆ. ಹೊರಗೆ ಅಂಗಳದಲ್ಲಿ ಗಾಳಿ ತಣ್ಣಗಾಗಿ ಗಂಟೆಯಾಗಿರುತ್ತದೆ. ಒಳಗೆ ಮಾತ್ರ ಫ್ಯಾನು ತಾರಸಿಯ ಕಾವನ್ನೇ ತಿರುವಿ ತಿರುವಿ ನಮ್ಮ ಮೇಲೆ ಸುರಿಯುತ್ತದೆ. ಇಂತಹ ನಾಲ್ಕು ರಾತ್ರಿ ಕಳೆದ ಮೇಲೆ ಯಾರಾದರೂ ಅಂಗಡಿಗೆ ಹೋಗಿ ಕಣ್ಣಿಗೆ ಬಿದ್ದ ಎಸಿಗೆ ಮುಂಗಡ ಕೊಟ್ಟು ಬರುತ್ತಾರೆ. ನಾವೂ ಹಾಗೆಯೇ ಕೊಟ್ಟು ಬಂದೆವು. ಅಂದು ಕೇಳಿಕೊಳ್ಳಬೇಕಾಗಿದ್ದ ಪ್ರಶ್ನೆಗಳನ್ನು ಆಮೇಲೆ ಒಂದೊಂದಾಗಿ ಕಲಿಯಬೇಕಾಯಿತು. ಈಗ ಓಣಿಯಲ್ಲಿ, ಬಂಧುಗಳಲ್ಲಿ ಯಾರು ಕೇಳಿದರೂ ನಾನು ಮೊದಲು ಬೆಲೆ ಹೇಳುವುದಿಲ್ಲ, ಮನೆಯ ಬಗ್ಗೆ ಕೇಳುತ್ತೇನೆ.

ಅಂಗಡಿಗೆ ಹೋಗುವ ಮೊದಲು

ಮೊದಲ ಪ್ರಶ್ನೆ ತಲೆಯ ಮೇಲಿರುವುದು ಏನು ಎಂಬುದು. ಮೇಲೆ ಇನ್ನೊಂದು ಮಹಡಿ ಇದ್ದರೆ ಅರ್ಧ ಕಷ್ಟ ಕಳೆದಂತೆ. ಬರಿಯ ಆರ್‌ಸಿಸಿ ತಾರಸಿಯಾಗಿದ್ದರೆ ಅದು ಹಗಲಿಡೀ ಬಿಸಿಲು ಕುಡಿದು ರಾತ್ರಿಯಿಡೀ ಕಾವು ಬಿಡುತ್ತದೆ. ಹಳ್ಳಿಯ ಮಣ್ಣಿನ ಮಾಳಿಗೆಯ ಮನೆಯ ಲೆಕ್ಕವೇ ಬೇರೆ. ಅದರ ದಪ್ಪ ಗೋಡೆ, ದಪ್ಪ ಮಣ್ಣು ಮಧ್ಯಾಹ್ನವೂ ತಂಪು ಹಿಡಿದಿರುತ್ತವೆ. ಆದರೆ ಬೆಳಕಿಂಡಿ, ಬಾಗಿಲ ಸಂದು, ತೊಲೆಗಳ ನಡುವಿನ ಬಿರುಕು ಇಷ್ಟೂ ಇರುವ ಮನೆಯಲ್ಲಿ ಎಸಿ ತಣಿಸಿದ ಗಾಳಿ ನಿಲ್ಲುವುದಿಲ್ಲ. ತಗಡಿನ ಮಾಡಿಗೆ ಎಸಿ ಹಾಕಿಸುವವರನ್ನು ನಾನು ಕೈ ಹಿಡಿದು ತಡೆಯುತ್ತೇನೆ. ಆ ಹಣದಲ್ಲಿ ಮೊದಲು ತಗಡಿನ ಕೆಳಗೆ ಒಂದು ಒಳಮಾಡು (ಫಾಲ್ಸ್ ಸೀಲಿಂಗ್) ಕಟ್ಟಿಸಿಕೊಳ್ಳಲಿ.

ಎರಡನೆಯದು, ತಂಪು ಯಾರಿಗೆ ಮತ್ತು ಯಾವ ಹೊತ್ತಿಗೆ ಬೇಕು. ಹಗಲು ಕೆಲಸಕ್ಕೆ ಹೋಗಿ ರಾತ್ರಿ ಮಲಗಲು ಬರುವ ಇಬ್ಬರಿಗೂ, ಹಗಲೆಲ್ಲ ಮನೆಯಲ್ಲೇ ಇರುವ ಎಂಬತ್ತರ ಅಜ್ಜನಿಗೂ, ಬೆವರುಸಾಲೆಯಿಂದ ನಿದ್ದೆಗೆಟ್ಟ ಹಸುಗೂಸಿಗೂ ಉತ್ತರ ಒಂದೇ ಆಗಿರಲಾರದು.

ಮೂರನೆಯದು ನೀರು. ನಲ್ಲಿ ದಿನವೂ ಬಾರದ ಓಣಿಯಲ್ಲಿ ಕೂಲರ್ ಎಂದರೆ ದಿನಕ್ಕೆ ಐದಾರು ಕೊಡ ನೀರಿನ ಮಾತು. ನಾಲ್ಕನೆಯದು ಗೋಡೆಯೊಳಗಿನ ವೈರು, ಅರ್ಥಿಂಗ್ ಮತ್ತು ನಮ್ಮ ವಿದ್ಯುತ್ ಕಂಪನಿ ಜೆಸ್ಕಾಂ ಬಿಲ್ಲಿನ ಮೇಲೆ ಬರೆದಿರುವ ಮಂಜೂರಾದ ಲೋಡ್, ಅಂದರೆ ಮನೆ ಒಮ್ಮೆಗೆ ಎಷ್ಟು ವಿದ್ಯುತ್ ಎಳೆಯಬಹುದೆಂಬ ಮಿತಿ. ಐದನೆಯದು, ಮನೆ ಸ್ವಂತದ್ದೋ ಬಾಡಿಗೆಯದೋ.

ಆರನೆಯದನ್ನು ಅಂಗಡಿಯಲ್ಲಿ ಯಾರೂ ಎತ್ತುವುದಿಲ್ಲ: ಗೃಹಜ್ಯೋತಿಯ 200 ಯೂನಿಟ್ ಗೆರೆ. 2023ರಲ್ಲಿ ಆರಂಭವಾದ ಈ ಯೋಜನೆಯಲ್ಲಿ ಪ್ರತಿ ಮನೆಗೂ ಹಿಂದಿನ ಸರಾಸರಿ ಬಳಕೆಯ ಮೇಲೆ ಉಚಿತ ಯೂನಿಟ್ ಗೊತ್ತುಮಾಡಿದ್ದಾರೆ. ಅದಕ್ಕಿಂತ ಹೆಚ್ಚು ಬಳಸಿಯೂ 200ರ ಒಳಗಿದ್ದರೆ ಹೆಚ್ಚುವರಿ ಯೂನಿಟ್‌ಗಷ್ಟೇ ಹಣ. 200 ದಾಟಿದ ತಿಂಗಳು ಪೂರ್ತಿ ಬಿಲ್ಲು ನಿಮ್ಮದೇ. ಒಂದು ಉದಾಹರಣೆ ನೋಡೋಣ. ನಿಮಗೆ 100 ಯೂನಿಟ್ ಉಚಿತವಿದ್ದು, ಫ್ಯಾನು, ಫ್ರಿಜ್ ಸೇರಿ ಏಪ್ರಿಲ್‌ನಲ್ಲಿ 120 ಆಗುತ್ತದೆ ಎಂದಿಟ್ಟುಕೊಳ್ಳಿ. 180 ವ್ಯಾಟ್‌ನ ಕೂಲರ್ ದಿನಕ್ಕೆ ಹನ್ನೆರಡು ಗಂಟೆ ಓಡಿದರೆ ತಿಂಗಳಿಗೆ ಸುಮಾರು 65 ಯೂನಿಟ್, ಒಟ್ಟು 185. ತೆರಿಗೆ ಇತ್ಯಾದಿ ಸೇರಿಸಿ ಯೂನಿಟ್‌ಗೆ ಅಂದಾಜು ಏಳು ರೂಪಾಯಿಯಂತೆ ಹೆಚ್ಚುವರಿ 85 ಯೂನಿಟ್‌ಗೆ 600 ರೂಪಾಯಿ ತೆತ್ತರೆ ಮುಗಿಯಿತು. ಒಂದೂವರೆ ಟನ್ನಿನ ಎಸಿ ರಾತ್ರಿ ಎಂಟು ಗಂಟೆ ಓಡಿದರೆ ನಮ್ಮ ಸೆಕೆಯಲ್ಲಿ ಐದರಿಂದ ಆರು ಯೂನಿಟ್, ತಿಂಗಳಿಗೆ 165ರ ಸುಮಾರು, ಒಟ್ಟು 285. ಗೆರೆ ದಾಟಿತು, ಅಷ್ಟಕ್ಕೂ ಹಣ: ಎರಡು ಸಾವಿರ ರೂಪಾಯಿ, ಅದರ ಮೇಲೆ ನಿಗದಿತ ಶುಲ್ಕ. ಇದನ್ನು ಹೆದರಿಸಲು ಹೇಳುತ್ತಿಲ್ಲ. ಎರಡು ಮೂರು ತಿಂಗಳು ಎರಡೂವರೆ ಸಾವಿರದಷ್ಟು ಬಿಲ್ಲು ಕಟ್ಟಬಲ್ಲೆವೇ ಎಂದು ಮನೆಯವರೆಲ್ಲ ಕುಳಿತು ಮೊದಲೇ ಮಾತಾಡಿಕೊಳ್ಳಲಿ ಎಂದು ಹೇಳುತ್ತಿದ್ದೇನೆ.

ಎಲ್ಲಕ್ಕೂ ಮೊದಲು ತಾರಸಿಗೆ ಸುಣ್ಣ

ಕೂಲರ್ ಆಗಲಿ ಎಸಿ ಆಗಲಿ, ನೀವು ಏನನ್ನೇ ಆರಿಸಿದರೂ ಈ ಕೆಲಸ ಬಿಡಬೇಡಿ. ಫೆಬ್ರವರಿ ಕೊನೆಗೆ ತಾರಸಿಯನ್ನು ಗುಡಿಸಿ ತೊಳೆದು, ಅಂಟು ಬೆರೆಸಿದ ಸುಣ್ಣವನ್ನು ಎರಡು ಸಲ ಬಳಿಯಿರಿ. ಬಿಳಿಯ ಮೇಲ್ಮೈ ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ. ಕಪ್ಪಾದ ಹಳೆಯ ಸಿಮೆಂಟಿನ ಮೇಲೆ ಮಧ್ಯಾಹ್ನ ಬರಿಗಾಲಿನಲ್ಲಿ ಎರಡು ಹೆಜ್ಜೆ ಇಡಲಾಗದು, ಸುಣ್ಣ ಬಳಿದ ಭಾಗದ ಮೇಲೆ ನಿಲ್ಲಬಹುದು. ಕೋಣೆಯೊಳಗೆ ಎರಡು ಮೂರು ಡಿಗ್ರಿ ಇಳಿಯುತ್ತದೆ. ಸುಣ್ಣ ಒಂದು ಮಳೆಗಾಲಕ್ಕೆ ತೊಳೆದು ಹೋಗುತ್ತದೆ ನಿಜ, ಪ್ರತಿ ವರ್ಷ ಬಳಿಯಬೇಕು. ಕೂಲ್ ರೂಫ್ ಬಣ್ಣ ಹಲವು ವರ್ಷ ಬಾಳುತ್ತದೆ, ಬೆಲೆಯೂ ಹಲವು ಪಟ್ಟು. ಬಿಳಿ ಟೈಲ್ಸ್ ಚೂರುಗಳ ಹಾಸು ಇನ್ನೂ ಗಟ್ಟಿ. ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಇಷ್ಟು ತಂಪು ಕೊಡುವ ಇನ್ನೊಂದು ಉಪಾಯ ನನಗೆ ಕಂಡಿಲ್ಲ. ಈ ಒಂದು ಕೆಲಸದಿಂದ ಎಷ್ಟೋ ಮನೆಗಳಲ್ಲಿ ಒಂದೂವರೆ ಟನ್ನಿನ ಜಾಗದಲ್ಲಿ ಒಂದು ಟನ್ ಸಾಕಾಗುತ್ತದೆ.

ಕೂಲರ್: ನಮ್ಮ ಒಣ ಗಾಳಿಯ ಗೆಳೆಯ

ಕರಾವಳಿಯವರಿಗೆ ಕೂಲರ್ ಏಕೆ ಹಿಡಿಸುವುದಿಲ್ಲ, ನಮಗೆ ಏಕೆ ಹಿಡಿಸುತ್ತದೆ ಎಂಬುದು ಗಾಳಿಯ ತೇವದಲ್ಲಿದೆ. ನೀರು ಆವಿಯಾಗುವಾಗ ಗಾಳಿಯ ಕಾವನ್ನು ಹೀರುತ್ತದೆ. ಗಾಳಿ ಒಣಗಿದ್ದಷ್ಟೂ ಆವಿ ಹೆಚ್ಚು, ತಂಪು ಹೆಚ್ಚು. ಹೊರಗೆ 41 ಡಿಗ್ರಿ ಇದ್ದು ತೇವಾಂಶ ಶೇಕಡ 20 ಇರುವ ಮೇ ಮಧ್ಯಾಹ್ನ, ಒಳ್ಳೆಯ ಪ್ಯಾಡ್ ಇರುವ ಕೂಲರ್ 28 ಡಿಗ್ರಿಯ ಗಾಳಿಯನ್ನು ಕೊಡುತ್ತದೆ. ಅದೇ ಕೂಲರ್ ಮಳೆ ಬಿದ್ದ ಮೇಲೆ, 33 ಡಿಗ್ರಿ ಮತ್ತು ಶೇಕಡ 70 ತೇವಾಂಶದ ದಿನ, ಮೂರೂವರೆ ಡಿಗ್ರಿಯನ್ನಷ್ಟೇ ಇಳಿಸುತ್ತದೆ; ಜೊತೆಗೆ ಮೈ ಅಂಟಂಟಾಗುತ್ತದೆ. ಮಾರ್ಚ್‌ನಿಂದ ಮೇ ಕೊನೆಯವರೆಗೆ ಕೂಲರ್ ನಮ್ಮದು, ಜೂನ್ ನಂತರ ಅಲ್ಲ. ಹೇಗೂ ನಮ್ಮ ಕಷ್ಟದ ದಿನಗಳು ಹೆಚ್ಚಿನವು ಆ ಮೂರು ತಿಂಗಳಿನಲ್ಲೇ ಇವೆ.

ಸ್ಥಳೀಯವಾಗಿ ಮಾಡುವ ತಗಡಿನ ಕೂಲರ್ ಐದರಿಂದ ಒಂಬತ್ತು ಸಾವಿರಕ್ಕೆ, 60–70 ಲೀಟರಿನ ಪ್ಲಾಸ್ಟಿಕ್ ಕೂಲರ್ ಎಂಟರಿಂದ ಹದಿಮೂರು ಸಾವಿರಕ್ಕೆ ಸಿಗುತ್ತದೆ. ತಗಡಿನದು ಗಾಳಿಯನ್ನು ಧಾರಾಳವಾಗಿ ಕೊಡುತ್ತದೆ, ಆದರೆ ಅದರ ಮೈ ಕಬ್ಬಿಣ, ಹೊಟ್ಟೆಯಲ್ಲಿ ನೀರು ಮತ್ತು ಕರೆಂಟು. ಅರ್ಥಿಂಗ್ ಇಲ್ಲದ ಪ್ಲಗ್ಗಿಗೆ ಅದನ್ನು ಸಿಕ್ಕಿಸಿ, ಒದ್ದೆ ನೆಲದ ಮೇಲೆ ನಿಂತು ನೀರು ತುಂಬುವುದು ಜೀವಕ್ಕೆ ಅಪಾಯ. ಪುಟ್ಟ ಮಕ್ಕಳಿರುವ ಮನೆಗೆ ಪ್ಲಾಸ್ಟಿಕ್ಕಿನದೇ ಇರಲಿ. ಯಾವುದಾದರೂ ಸರಿ, ಪ್ಲಗ್ ಕಿತ್ತ ಮೇಲೆಯೇ ನೀರು ತುಂಬಬೇಕು.

ಕೂಲರನ್ನು ಮುಚ್ಚಿದ ಕೋಣೆಯ ಮಧ್ಯೆ ಇಟ್ಟು “ತಂಪೇ ಇಲ್ಲ” ಎನ್ನುವವರು ಬಹಳ. ಅದರ ಬೆನ್ನು ಕಿಟಕಿಯ ಹೊರಗಿನ ಗಾಳಿಗೆ ಇರಬೇಕು, ಎದುರಿನ ಬಾಗಿಲೋ ಕಿಟಕಿಯೋ ತೆರೆದಿರಬೇಕು. ಇಲ್ಲವಾದರೆ ಅದೇ ತೇವದ ಗಾಳಿ ಸುತ್ತಿ ಸುತ್ತಿ ಅರ್ಧ ಗಂಟೆಯಲ್ಲಿ ಉಸಿರು ಕಟ್ಟಿದಂತಾಗುತ್ತದೆ. ನಮ್ಮ ಬೋರಿನ ನೀರು ಗಡಸು. ಒಂದು ಬೇಸಿಗೆಯಲ್ಲಿ ಜೇನುಗೂಡಿನಂತಹ ಪ್ಯಾಡಿನ ಕಣ್ಣುಗಳಲ್ಲಿ ಸುಣ್ಣದಂತಹ ಬಿಳಿ ಪದರ ಕಟ್ಟಿ, ಕೊನೆಗೆ ಬೆರಳಿನಿಂದ ಮುರಿದರೆ ಬಿಸ್ಕತ್ತಿನ ಹಾಗೆ ಪುಡಿಯಾಗುತ್ತದೆ. ಹುಲ್ಲಿನ ಪ್ಯಾಡನ್ನು ವರ್ಷಕ್ಕೊಮ್ಮೆ ಬದಲಿಸಿದರೆ ಕೆಲವು ನೂರು ರೂಪಾಯಿಗೆ ಆಗುತ್ತದೆ. ಬೋರಿನ ನೀರಿನವರಿಗೆ ಅದೇ ವಾಸಿ. ಒಣ ಸೆಕೆಯಲ್ಲಿ ಒಂದು ಟ್ಯಾಂಕು ನೀರು ಒಂದು ರಾತ್ರಿಗೆ ಸರಿಹೋಗುತ್ತದೆ. ವಾರಕ್ಕೊಮ್ಮೆ ತೊಟ್ಟಿಯನ್ನು ಪೂರ್ತಿ ಬಸಿದು ಉಜ್ಜಿ ಒಣಗಿಸಬೇಕು, ಏಕೆಂದರೆ ಡೆಂಗಿ ಹರಡುವ ಸೊಳ್ಳೆ ನಿಂತ ತಿಳಿನೀರಿನಲ್ಲೇ ಮೊಟ್ಟೆ ಇಡುತ್ತದೆ.

ಕೂಲರಿನ ಇನ್ನೊಂದು ಗುಣ ಹಳ್ಳಿಯವರಿಗೆ ಮುಖ್ಯ. ಕರೆಂಟು ಹೋದಾಗ ಮನೆಯ ಬ್ಯಾಟರಿ ಇನ್ವರ್ಟರ್ ಮೇಲೆ ಅದು ಕೆಲವು ಗಂಟೆ ನಡೆಯುತ್ತದೆ. “ಇನ್ವರ್ಟರ್ ಎಸಿ” ಎಂಬ ಹೆಸರು ಕೇಳಿ ಅದೂ ಹಾಗೆಯೇ ನಡೆಯುತ್ತದೆಂದು ನಂಬಿ ಕೊಂಡವರನ್ನು ನಾನು ಕಂಡಿದ್ದೇನೆ. ಅಲ್ಲಿ ಇನ್ವರ್ಟರ್ ಎಂದರೆ ಕಂಪ್ರೆಸರಿನ ವೇಗವನ್ನು ಬೇಕಾದಂತೆ ಏರಿಸಿ ಇಳಿಸುವ ತಂತ್ರ. ಬ್ಯಾಟರಿಗೂ ಅದಕ್ಕೂ ಸಂಬಂಧವಿಲ್ಲ.

ವಿಂಡೋ ಎಸಿ, ಸ್ಪ್ಲಿಟ್ ಎಸಿ

ಬಾಡಿಗೆ ಮನೆಯವರಿಗೆ ವಿಂಡೋ ಎಸಿಯನ್ನು ಇಂದಿಗೂ ಹೇಳುತ್ತೇನೆ. ಕಿಟಕಿಯ ಒಂದು ಭಾಗದ ಸರಳು ತೆಗೆದು ಮರದ ಚೌಕಟ್ಟು ಕೂಡಿಸಿದರೆ ಆಯಿತು. ಗೋಡೆ ಕೊರೆಯುವುದಿಲ್ಲ, ಪೈಪು ಎಳೆಯುವುದಿಲ್ಲ, ಮನೆ ಬದಲಿಸುವಾಗ ಗ್ಯಾಸು ಹೋಗುವ ಭಯವಿಲ್ಲ. ಸದ್ದು ಮಾತ್ರ ಹೆಚ್ಚು. ಮಾಲೀಕರನ್ನು ಕೇಳಿಯೇ ಸರಳಿಗೆ ಕೈ ಹಾಕಿ. ಒಳ ಘಟಕ, ಹೊರ ಘಟಕ ಎಂದು ಎರಡು ಭಾಗವಿರುವ ಸ್ಪ್ಲಿಟ್ ಎಸಿಯನ್ನು ಒಂದು ಸಲ ಬಿಚ್ಚಿ ಮತ್ತೊಂದು ಕಡೆ ಕೂಡಿಸಲು ಕೂಲಿ, ಗ್ಯಾಸು ಸೇರಿ ನಾಲ್ಕೈದು ಸಾವಿರ ಹೋಗುತ್ತದೆ. ಚಕ್ರದ ಮೇಲೆ ಓಡಾಡುವ ಪೋರ್ಟಬಲ್ ಎಸಿಯನ್ನು ನಮ್ಮ ಸೆಕೆಗೆ ನಾನು ಯಾರಿಗೂ ಹೇಳುವುದಿಲ್ಲ. ಅದು ಕೋಣೆಯ ಗಾಳಿಯನ್ನೇ ಕೊಳವೆಯಿಂದ ಹೊರಗೆ ತಳ್ಳುತ್ತದೆ, ಆ ಜಾಗಕ್ಕೆ ಬಾಗಿಲ ಸಂದಿನಿಂದ ಬಿಸಿಗಾಳಿ ಒಳಗೆ ಬರುತ್ತದೆ.

ಸ್ವಂತ ಮನೆಯವರಿಗೆ ಸ್ಪ್ಲಿಟ್. ಲೇಬಲ್ಲಿನ ನಕ್ಷತ್ರ ಹೆಚ್ಚಿದ್ದಷ್ಟೂ ಕರೆಂಟಿನ ಖರ್ಚು ಕಡಿಮೆ. ಒಂದು ಟನ್ನಿನ ಮೂರು ನಕ್ಷತ್ರದ್ದು 28ರಿಂದ 35 ಸಾವಿರ, ಒಂದೂವರೆ ಟನ್ನಿನದು 33ರಿಂದ 40, ಐದು ನಕ್ಷತ್ರದ್ದಾದರೆ 40ರಿಂದ 48 ಸಾವಿರ ಎಂದು ಅಂದಾಜು ಇಟ್ಟುಕೊಳ್ಳಿ. 2025ರ ಸೆಪ್ಟೆಂಬರ್ 22ರಿಂದ ಎಸಿಗಳ ಮೇಲಿನ ಜಿಎಸ್‌ಟಿ ಶೇಕಡ 28ರಿಂದ 18ಕ್ಕೆ ಇಳಿದಿದೆ. ಹಳೆಯ ದರಪಟ್ಟಿ ತೋರಿಸಿದರೆ ಕೇಳಿ.

ಟನ್ ಎಂದರೆ ಯಂತ್ರದ ತೂಕವಲ್ಲ, ಗಂಟೆಗೆ 12,000 ಬಿಟಿಯು (ಕಾವಿನ ಒಂದು ಅಳತೆ) ಕಾವನ್ನು ಹೊರಹಾಕುವ ಶಕ್ತಿ. ಸುಮಾರು 120 ಚದರ ಅಡಿಯವರೆಗೆ ಒಂದು ಟನ್, 180ರವರೆಗೆ ಒಂದೂವರೆ ಎಂಬುದು ಸಾಮಾನ್ಯ ಲೆಕ್ಕ. ನಮ್ಮಲ್ಲಿ ಬಿಸಿಲು ಬೀಳುವ ತಾರಸಿಯ ಕೆಳಗಿನ ಕೋಣೆಗೆ ಒಂದು ಮೆಟ್ಟಿಲು ಮೇಲೇರಬೇಕಾಗುತ್ತದೆ. ಡಬ್ಬದ ಮೇಲೆ ಬರೆದ ಶಕ್ತಿ ಹೊರಗೆ 35 ಡಿಗ್ರಿ ಇದ್ದಾಗ ಅಳೆದದ್ದು, ನಮ್ಮ 42ರಲ್ಲಿ ಅದು ಕುಗ್ಗುತ್ತದೆ ಎಂಬುದನ್ನೂ ಮರೆಯಬಾರದು. ಎಷ್ಟು ಡಿಗ್ರಿಯವರೆಗೆ ಓಡುತ್ತದೆ ಎಂದು ಕೇಳಿ. 50 ದಾಟಿ ಬರೆದಿರುವುದನ್ನೇ ತೆಗೆದುಕೊಳ್ಳಿ. ತಾರಸಿಗೆ ಸುಣ್ಣ ಬಳಿದ ಇಲ್ಲವೇ ಮೇಲೆ ಮಹಡಿ ಇರುವ ಹತ್ತು-ಹನ್ನೆರಡು ಅಡಿಯ ಕೋಣೆಗೆ ಒಂದು ಟನ್ ಧಾರಾಳ.

ಇನ್ನು ನಕ್ಷತ್ರಗಳ ಮಾತು. ಐದೇ ಕೊಳ್ಳಿ ಎಂದು ಎಲ್ಲರೂ ಹೇಳುತ್ತಾರೆ, ನಾನು ಹೇಳುವುದಿಲ್ಲ. ನಕ್ಷತ್ರ ಕೊಡುವ ಕೇಂದ್ರ ಸರ್ಕಾರದ ಸಂಸ್ಥೆ ಬಿಇಇಯ ಲೇಬಲ್ಲಿನ ಮೇಲೆ ವರ್ಷಕ್ಕೆ 1,600 ಗಂಟೆ ಓಡಿದರೆ ಎಷ್ಟು ಯೂನಿಟ್ ಎಂದು ಬರೆದಿರುತ್ತದೆ. ಒಂದೂವರೆ ಟನ್ನಿನಲ್ಲಿ ಮೂರು ಮತ್ತು ಐದು ನಕ್ಷತ್ರಗಳ ನಡುವೆ ಸುಮಾರು 200 ಯೂನಿಟ್ ಅಂತರವಿದೆ ಎಂದುಕೊಳ್ಳೋಣ. ರಾತ್ರಿ ಎಂಟು ಗಂಟೆ, ಮೂರು ನಾಲ್ಕು ತಿಂಗಳು ಮಾತ್ರ ಓಡಿಸುವ ಮನೆಯಲ್ಲಿ ವರ್ಷಕ್ಕೆ 900 ಗಂಟೆ. ಉಳಿಯುವುದು 110 ಯೂನಿಟ್, ಎಂಟುನೂರು ರೂಪಾಯಿಗೂ ಕಡಿಮೆ. ಹೆಚ್ಚು ಕೊಟ್ಟ ಎಂಟು ಸಾವಿರ ಮರಳಲು ಹತ್ತು ವರ್ಷ ಬೇಕು. ಅವರಿಗೆ ಮೂರು ನಕ್ಷತ್ರ ಸಾಕು, ಉಳಿದ ಹಣ ವೈರಿಂಗಿಗೆ ಹೋಗಲಿ. ಹಗಲು ರಾತ್ರಿ ಸೇರಿ ವರ್ಷಕ್ಕೆ ಎರಡು ಸಾವಿರ ಗಂಟೆ ಓಡಿಸುವ, ಹಾಸಿಗೆ ಹಿಡಿದ ಹಿರಿಯರಿರುವ ಮನೆಯಲ್ಲಿ ನಾಲ್ಕೈದು ವರ್ಷಕ್ಕೇ ಹಣ ತಿರುಗಿ ಬರುತ್ತದೆ. ಅಲ್ಲಿ ಐದು ನಕ್ಷತ್ರವೇ ಸರಿ. ಲೇಬಲ್ಲಿನ ಅವಧಿಯನ್ನೂ ಓದಿ. ಮಾನದಂಡ ಆಗಾಗ ಬಿಗಿಯಾಗುತ್ತಿರುವುದರಿಂದ ಹಿಂದಿನ ಅವಧಿಯ ಐದು ಇಂದಿನ ಐದಕ್ಕೆ ಸಮವಲ್ಲ.

ತಾಮ್ರದ ಕಾಯಿಲ್ (ಗ್ಯಾಸು ಹರಿಯುವ ಕೊಳವೆಗಳ ಸುರುಳಿ) ಇರುವುದನ್ನೇ ಆರಿಸಿ. ಸೋರಿದರೆ ನಮ್ಮ ಊರಿನ ಮೆಕ್ಯಾನಿಕ್ ಬೆಸುಗೆ ಹಾಕಿ ಸರಿಮಾಡಬಲ್ಲ. ಅಲ್ಯೂಮಿನಿಯಂ ಆದರೆ ಹೆಚ್ಚಾಗಿ ಇಡೀ ಕಾಯಿಲ್ ಬದಲಿಸಬೇಕಾಗುತ್ತದೆ. ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದ ಕಡೆಯ ಬೂದಿ, ಹತ್ತಿ ಮಿಲ್ಲಿನ ಓಣಿಯ ನಾರು, ಬಳ್ಳಾರಿ–ಸಂಡೂರಿನ ಕೆಂಪು ಅದಿರಿನ ದೂಳು ಇವೆಲ್ಲ ಕಾಯಿಲ್ ಮೇಲೆ ಕಂಬಳಿಯಂತೆ ಕೂರುತ್ತವೆ. ಹದಿನೈದು ದಿನಕ್ಕೊಮ್ಮೆ ಜಾಲರಿ ತೊಳೆಯುವುದು, ಬೇಸಿಗೆಗೆ ಮೊದಲು ಹೊರ ಘಟಕವನ್ನು ನೀರಿನಿಂದ ತೊಳೆಸುವುದು ಇಲ್ಲಿ ತಪ್ಪಿಸಬಾರದ ಕೆಲಸ. ಆನೆಗೊಂದಿ, ಅಂಜನಾದ್ರಿ ಕಡೆಯವರು ಹೊರಗಿನ ಪೈಪಿಗೆ ಪಿವಿಸಿ ಹೊದಿಕೆ ಹಾಕಿಸಲಿ; ಮಂಗಗಳು ಅದರ ಕಪ್ಪು ಸ್ಪಂಜನ್ನು ಕಿತ್ತು ಹಾಕುತ್ತವೆ.

ಗೋಡೆಯೊಳಗಿನ ಖರ್ಚು

ನಮ್ಮ ಮನೆಯಲ್ಲಿ ಆದದ್ದನ್ನು ಹೇಳುತ್ತೇನೆ. ಕೂಡಿಸಲು ಬಂದವರು ಹಳೆಯ ಗೀಸರ್ ಪ್ಲಗ್ಗಿಗೇ ಎಸಿಯನ್ನು ಸಿಕ್ಕಿಸಿ, ಚಾಲೂ ಮಾಡಿ ತೋರಿಸಿ, ಹೋದರು. ಕೋಣೆ ತಣ್ಣಗಾಯಿತು, ನಾವು ಸಂತೋಷಪಟ್ಟೆವು. ಮೂರನೆಯ ರಾತ್ರಿ ಎರಡು ಗಂಟೆಗೆ ಸುಟ್ಟ ರಬ್ಬರಿನ ವಾಸನೆಗೆ ಎಚ್ಚರವಾಯಿತು. ಬಿಳಿಯ ಸ್ವಿಚ್‌ಬೋರ್ಡು ಪ್ಲಗ್ಗಿನ ಸುತ್ತ ಕಂದು ಬಣ್ಣಕ್ಕೆ ತಿರುಗಿತ್ತು. ಪ್ಲಗ್ ಮುಟ್ಟಿದರೆ ಬೆರಳು ಸುಟ್ಟಿತು. ಗೋಡೆಯೊಳಗೆ ಇದ್ದದ್ದು ಕಡ್ಡಿಯಷ್ಟು ತೆಳ್ಳನೆಯ ಹಳೆಯ ವೈರು. ಗೀಸರ್ ದಿನಕ್ಕೆ ಹದಿನೈದು ನಿಮಿಷ ಓಡುತ್ತಿತ್ತು, ಅದು ತಾಳಿಕೊಂಡಿತ್ತು. ಎಸಿ ರಾತ್ರಿಯಿಡೀ ಓಡುತ್ತದೆ. ಮಕ್ಕಳು ಅದೇ ಕೋಣೆಯಲ್ಲಿ ಮಲಗಿದ್ದರು. ಇಂದಿಗೂ ಆ ವಾಸನೆ ನೆನಪಾದರೆ ಮೈ ಜುಮ್ಮೆನ್ನುತ್ತದೆ.

ಆದ್ದರಿಂದ ಮೇನ್ ಬೋರ್ಡಿನಿಂದ ಎಸಿಗೆಂದೇ ಬೇರೆ ವೈರು ಎಳೆಸಿ. ಒಂದೂವರೆ ಟನ್ನಿಗೆ 4 ಚದರ ಮಿಲಿಮೀಟರಿನ ತಾಮ್ರದ ವೈರು, 20 ಆಂಪಿಯರಿನ ಸಿ ಬಗೆಯ ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನೇ ಆರುವ ಸ್ವಿಚ್ಚು), ಅದಕ್ಕೆ ತಕ್ಕ ಎಸಿ ಬಾಕ್ಸ್. ಮನೆಗೆಲ್ಲ ಸೇರಿ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದ ಕೂಡಲೇ ತಾನೇ ಆರುವ ಸ್ವಿಚ್ಚು) ಒಂದಿದ್ದರೆ ಕೂಲರ್ ಮನೆಗೂ ಅದು ಕಾವಲು. ನಮ್ಮ ಕಲ್ಲುನೆಲದಲ್ಲಿ ಅರ್ಥಿಂಗ್ ಗುಂಡಿ ಬೇಸಿಗೆಗೆ ಒಣಗಿ ಹೋಗುತ್ತದೆ. ಕೆಲಸ ತಿಳಿದ ಎಲೆಕ್ಟ್ರಿಷಿಯನ್‌ನಿಂದ ಅದನ್ನು ಅಳೆಸಿ, ಬೇಸಿಗೆಯಲ್ಲಿ ಆಗಾಗ ಒಂದು ಕೊಡ ನೀರು ಹೊಯ್ಯಿರಿ.

ಬಿಲ್ಲಿನಲ್ಲಿ ಮಂಜೂರಾದ ಲೋಡ್ ಒಂದು ಕಿಲೋವ್ಯಾಟ್ ಎಂದಿದ್ದರೆ ಎಸಿಗೆ ಮೊದಲೇ ಜೆಸ್ಕಾಂ ಉಪವಿಭಾಗದಲ್ಲಿ ಲೋಡ್ ಹೆಚ್ಚಿಸಲು ಅರ್ಜಿ ಕೊಡಿ. ಠೇವಣಿ ಕಟ್ಟಬೇಕು, ನಿಗದಿತ ಶುಲ್ಕ ಪ್ರತಿ ಕಿಲೋವ್ಯಾಟಿಗೆ ಲೆಕ್ಕವಾಗುವುದರಿಂದ ಅದೂ ಪ್ರತಿ ತಿಂಗಳು ಏರುತ್ತದೆ. ಇದನ್ನು ಮುಚ್ಚಿಡುವುದರಲ್ಲಿ ಲಾಭವಿಲ್ಲ. ಕಂಬದಿಂದ ಬರುವ ಸರ್ವಿಸ್ ವೈರು ಹಳೆಯ ಲೋಡಿಗೆ ಹಾಕಿದ್ದು.

ಈಗ ಒಟ್ಟು ಕೂಡಿಸೋಣ. ಎಸಿಗೆ 34 ಸಾವಿರ, ವೈರು, ಎಂಸಿಬಿ, ಕೂಲಿಗೆ ಐದು ಸಾವಿರ, ಸ್ಟೆಬಿಲೈಸರಿಗೆ ಮೂರು, ಕೂಡಿಸುವುದಕ್ಕೆ ಒಂದೂವರೆ, ಹೆಚ್ಚುವರಿ ತಾಮ್ರದ ಪೈಪಿಗೆ ಎರಡು, ಸ್ಟ್ಯಾಂಡಿಗೆ ಎಂಟುನೂರು. ಎಸಿ ಗೋಡೆಗೇರುವಷ್ಟರಲ್ಲಿ 46 ಸಾವಿರ ದಾಟಿರುತ್ತದೆ. ಎಸಿಯ ಜೊತೆ ಬರುವುದು ಸಾಮಾನ್ಯವಾಗಿ ಮೂರು ಮೀಟರ್ ಪೈಪು ಮಾತ್ರ. ಹೊರ ಘಟಕವನ್ನು ಮೂರನೆಯ ಮಹಡಿಯ ತುದಿಗೆ ಒಯ್ದಷ್ಟೂ ಪೈಪಿನ ಹಣ ಬೆಳೆಯುತ್ತದೆ. ಸ್ಟೆಬಿಲೈಸರ್ ಬೇಡ ಎಂದು ಕಂಪನಿಗಳು ಹೇಳುತ್ತವೆ. ನಗರದ ನೆಟ್ಟಗಿನ ಕರೆಂಟಿಗೆ ಆ ಮಾತು ನಡೆಯಬಹುದು. ಸಂಜೆಗೆ ಬಲ್ಬು ಮಂಕಾಗುವ ಊರಿನವರು ಹಾಕಿಸಿಯೇ ಹಾಕಿಸಲಿ.

ಯಾರಿಗೆ ಯಾವುದು

ಹತ್ತು ಹನ್ನೆರಡು ಸಾವಿರದೊಳಗೆ ಆಗಬೇಕು, ನೀರಿದೆ, ಕಿಟಕಿ ಇದೆ ಎಂದರೆ ಎರಡು ಮಾತಿಲ್ಲ: ಸುಣ್ಣ ಮತ್ತು ಕೂಲರ್. ಮಾಳಿಗೆ ಮನೆಯವರಿಗೂ ಅದೇ. ಅಸ್ತಮಾ ಇರುವವರಿಗೆ ತೇವದ ಗಾಳಿ ಆಗಿಬರದಿದ್ದರೆ, ನೀರಿಗೆ ಟ್ಯಾಂಕರ್ ಕಾಯುವ ಬಡಾವಣೆಯಾದರೆ, ಕೂಲರ್ ಬಿಟ್ಟು ಒಂದೇ ಒಂದು ಕೋಣೆಗೆ ಒಂದು ಟನ್ನಿನ ಮೂರು ನಕ್ಷತ್ರದ ಎಸಿ. ಮನೆಗೆಲ್ಲ ಬೇಡ; ಸೆಕೆಯ ರಾತ್ರಿಗಳಲ್ಲಿ ಎಲ್ಲರೂ ಆ ಒಂದೇ ಕೋಣೆಯಲ್ಲಿ ಹಾಸಿಕೊಂಡು ಮಲಗಿದರೆ ನಿದ್ದೆಯೂ ಬರುತ್ತದೆ, ಮಾತೂ ಆಗುತ್ತದೆ. ನಮ್ಮ ಮನೆಯಲ್ಲಿ ಈಗ ಹಗಲು ಪಡಸಾಲೆಯಲ್ಲಿ ಕೂಲರ್, ರಾತ್ರಿ ಒಂದು ಕೋಣೆಯಲ್ಲಿ ಎಸಿ. 26 ಡಿಗ್ರಿಗೆ ಇಟ್ಟು ಫ್ಯಾನನ್ನು ನಿಧಾನಕ್ಕೆ ತಿರುಗಿಸುತ್ತೇವೆ. ಒಂದು ಡಿಗ್ರಿ ಏರಿಸಿದರೆ ಶೇಕಡ ಆರರಷ್ಟು ವಿದ್ಯುತ್ ಉಳಿಯುತ್ತದೆ ಎಂಬುದು ಬಿಇಇ ಲೆಕ್ಕ.

ಎರಡು ಎಸಿ ಬೇಕೇ ಬೇಕು ಎನ್ನುವ ಸ್ವಂತ ಮನೆಯವರು ತಾರಸಿಯ ಸೌರ ಫಲಕದ ಬಗ್ಗೆಯೂ ಯೋಚಿಸಲಿ. ಪಿಎಂ ಸೂರ್ಯಘರ್ ಯೋಜನೆಯಲ್ಲಿ ಎರಡು ಕಿಲೋವ್ಯಾಟಿಗೆ 60,000, ಮೂರು ಮತ್ತು ಮೇಲ್ಪಟ್ಟದ್ದಕ್ಕೆ 78,000 ರೂಪಾಯಿ ಸಹಾಯಧನವಿದೆ. ನಮ್ಮನ್ನು ಸುಡುವ ಬಿಸಿಲೇ ಒಂದು ಕಿಲೋವ್ಯಾಟಿಗೆ ದಿನಕ್ಕೆ ಸುಮಾರು ನಾಲ್ಕು ಯೂನಿಟ್ ಕೊಡುತ್ತದೆ, ಫಲಕದ ನೆರಳು ತಾರಸಿಯನ್ನೂ ಕಾಯುತ್ತದೆ.

ಯಾವ ಎಸಿ ಕೊಂಡರೂ ಅದನ್ನು ಕೂಡಿಸುವ ದಿನ ಮನೆಯಲ್ಲಿ ಇರಿ. ಹೊರ ಘಟಕ ಪಶ್ಚಿಮದ ಬಿಸಿಲಿಗೆ ಎದುರಾಗದಿರಲಿ, ಅದರ ಮುಂದೆ ಗೋಡೆ ಅಡ್ಡ ಬರದಿರಲಿ. ಪೈಪು ಜೋಡಿಸಿದ ಮೇಲೆ ವ್ಯಾಕ್ಯೂಮ್ ಪಂಪಿನಿಂದ ಕಾಲು ಗಂಟೆಯಾದರೂ ಒಳಗಿನ ಗಾಳಿ, ತೇವ ತೆಗೆಯಬೇಕು. ಪಂಪು ತಾರದೆ ಬಂದಿದ್ದರೆ ಹೋಗಿ ತರಲು ಹೇಳಿ, ಚಹಾ ಕೊಟ್ಟು ಕಾಯಿರಿ. ಕೊನೆಗೆ ಒಳಗಿನ ತಟ್ಟೆಗೆ ಒಂದು ಚೊಂಬು ನೀರು ಸುರಿಯಿರಿ. ಅದು ಕೊಳವೆಯಲ್ಲಿ ಹರಿದು ಹೊರಗೆ ತೊಟ್ಟಿಕ್ಕುವುದನ್ನು ಕಣ್ಣಾರೆ ಕಂಡ ಮೇಲೆಯೇ ಅವರ ಕಾಗದಕ್ಕೆ ಸಹಿ ಹಾಕಿ.